ಎರಡನೇ ಏಟಿಗೆ ಹಾರುವ ಗುಂಡು: ಮೊದಲು ಪ್ರೈಮರ್ ಕೂತ ಆಳ ನೋಡಿ

ಚಳಿಯಲ್ಲಿ ನಿಮ್ಮ .30-06 ಬೋಲ್ಟ್ ರೈಫಲ್‌ನಲ್ಲಿ ನೀವೇ ಮದ್ದು ತುಂಬಿದ ಕೆಲವು ಗುಂಡುಗಳು ಮೊದಲ ಏಟಿಗೆ ಹಾರದೆ ಎರಡನೆಯದಕ್ಕೆ ಹಾರುತ್ತಿವೆ, ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಬಟ್ಟಲಾದ ಪ್ರೈಮರನ್ನು ಬದಲಿಸಿ ಹೆಚ್ಚು ಜೋರಾದ ಜ್ವಾಲೆಯ ಮ್ಯಾಗ್ನಂ ಪ್ರೈಮರ್‌ಗೆ ಹೋಗಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನನ್ನ ಅನುಮಾನ ಮೊದಲು ಹೋಗುವುದು ಪ್ರೈಮರ್ ಕೂತಿರುವ ಆಳದ ಮೇಲೆ. ಅದು ಕೇಸಿನ (ಗುಂಡಿನ ಲೋಹದ ಕವಚದ) ತಳದಲ್ಲಿರುವ ಗುಳಿಯಾದ ಪಾಕೆಟ್‌ನ ತಳ ಮುಟ್ಟದಿದ್ದರೆ ಪ್ರೈಮರಿಗೆ ಬಡಿಯುವ ಪಿನ್ನಿನ ಮೊದಲ ಹೊಡೆತದ ಬಲವೆಲ್ಲ ಅದನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಎರಡನೆಯದಕ್ಕೆ ಹೊತ್ತಿಕೊಳ್ಳುತ್ತದೆ.

ಕೇಸಿನ ತಳದ ಮೇಲೆ ಬೆರಳಾಡಿಸಿ. ಪ್ರೈಮರ್ ಚೂರೂ ಉಬ್ಬಿರಬಾರದು, 0.003ರಿಂದ 0.005 ಇಂಚು ಒಳಗಿರಬೇಕು. ಉಬ್ಬಿದೆಯೆಂದು ಮದ್ದು ತುಂಬಿದ ಗುಂಡಿನ ಪ್ರೈಮರನ್ನು ದಯವಿಟ್ಟು ಒತ್ತಬೇಡಿ, ಬಿಚ್ಚಿಬಿಡಿ. ಮುಂದಿನ ಸಲ ಪಾಕೆಟ್‌ನ ಮಸಿ ಕೆರೆದು ಕೂರಿಸಿ. ಬೋಲ್ಟನ್ನೂ ಬಿಚ್ಚಿ ನೋಡಿ: ಚಳಿಗೆ ಗ್ರೀಸ್ ಗಟ್ಟಿಯಾದರೆ ಪಿನ್ನಿನ ಹೊಡೆತವೇ ಸೊರಗುತ್ತದೆ.

ಇಷ್ಟಾದ ಮೇಲೆ ಆಯ್ಕೆ. ನಿಮ್ಮ ಮದ್ದಿಗೆ ಮ್ಯಾನ್ಯುಯಲ್ (ಗುಂಡಿಗೆ ಮದ್ದು ತುಂಬುವ ಕೈಪಿಡಿ) ಯಾವ ಪ್ರೈಮರ್ ಹೇಳಿದೆಯೋ ಅದೇ ಇರಲಿ. ಸಾಮಾನ್ಯ ಮದ್ದಿಗೆ ಸಿಸಿಐ 200 ಅಥವಾ ಫೆಡರಲ್ 210 ಸಾಕು. ಫೆಡರಲ್ 215, ಸಿಸಿಐ 250ರಂಥ ಮ್ಯಾಗ್ನಂ ಬೇಕಾಗುವುದು ಹೆಚ್ಚಾಗಿ ನಿಧಾನಕ್ಕೆ ಉರಿಯುವ ಬಾಲ್ ಪೌಡರ್ (ದುಂಡು ಕಾಳಿನ ಮದ್ದು) ದೊಡ್ಡ ಪ್ರಮಾಣದಲ್ಲಿದ್ದಾಗ, ಅದರಲ್ಲೂ ಕಡು ಚಳಿಯಲ್ಲಿ. ಬದಲಿಸಿದರೆ ಮಾತ್ರ ಮದ್ದಿನ ಹಳೆಯ ಅಳತೆಗೇ ಅಂಟಿಕೊಳ್ಳಬೇಡಿ. ಒತ್ತಡ ಏರಬಹುದು, ಮ್ಯಾನ್ಯುಯಲ್‌ನ ಆರಂಭದ ಅಳತೆಯಿಂದ ಮತ್ತೆ ಮೇಲಕ್ಕೆ ಬನ್ನಿ. ಬೇಟೆಯ ಗುಂಡುಗಳಿಗೆಲ್ಲ ಒಂದೇ ಲಾಟ್ ನಂಬರಿನ (ಒಂದೇ ಸಲ ತಯಾರಾದ ಕಂತಿನ) ಪ್ರೈಮರುಗಳನ್ನೇ ಬಳಸಿ.

ಇನ್ನೊಂದು ಮಾತು, ಬಹಳ ಮುಖ್ಯ: ಗುಂಡು ಹಾರದಿದ್ದಾಗ ತಕ್ಷಣ ಬೋಲ್ಟ್ ತೆಗೆಯಬೇಡಿ. ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವುದೂ ಉಂಟು.