ರಸಿಕರ ಪ್ರಶ್ನೆ: ಯಾವ ಆಲ್ಬಮ್ ಕೊಳ್ಳೋಣ, ಯಾವ ವಿಡಿಯೋ ನೋಡೋಣ?

ಹಾಡುಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ದುಡ್ಡು ಕೊಟ್ಟು ಕೊಳ್ಳತಕ್ಕ ಆಲ್ಬಮ್ಮುಗಳು, ಕಛೇರಿಯ ವಿಡಿಯೋಗಳು ಇನ್ನೂ ಉಳಿದಿವೆಯೇ ಎಂದು ಮಂಗಳೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಈ ಬಗ್ಗೆ ಓದುಗರ ಅಭಿಪ್ರಾಯವನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಪ್ರಶ್ನೆಯ ರೂಪದಲ್ಲಿದ್ದ ಕೆಲವನ್ನು ಆಯ್ದು, ಉಳಿದವರ ಮಾತುಗಳನ್ನೂ ಅಲ್ಲಲ್ಲಿ ಸೇರಿಸಿ, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಶಾಸ್ತ್ರೀಯ ಸಂಗೀತದ ಆಲ್ಬಮ್ ಕೊಳ್ಳುವಾಗ ಏನನ್ನು ನೋಡಬೇಕು? ಕಲಾವಿದರ ಹೆಸರೊಂದೇ ಸಾಲದೇ? (ಕುಂಜಿಬೆಟ್ಟು, ಉಡುಪಿ)

ಉತ್ತರ: ಸಾಲದು. ಕಳಪೆ ಸಂಕಲನಗಳು ಹೆಚ್ಚಾಗಿ ಬಂದಿರುವುದು ದೊಡ್ಡ ಹೆಸರುಗಳ ಆಸರೆಯಲ್ಲೇ. ಮೊದಲು ಪೆಟ್ಟಿಗೆಯ ಹಿಂಬದಿಯನ್ನು ನೋಡಿ. ಕಛೇರಿ ಎಲ್ಲಿ ನಡೆಯಿತು, ಯಾವ ವರ್ಷ ನಡೆಯಿತು, ಪಕ್ಕವಾದ್ಯದಲ್ಲಿ ಯಾರಿದ್ದರು ಎಂಬ ಮೂರು ವಿಷಯ ಅಲ್ಲಿ ಅಚ್ಚಾಗಿದ್ದರೆ, ಪ್ರಕಾಶಕರಿಗೆ ತಾವು ಮಾರುತ್ತಿರುವ ವಸ್ತುವಿನ ಮೇಲೆ ಗೌರವವಿದೆ ಎಂದು ತಿಳಿಯಬಹುದು. ಮೃದಂಗ ನುಡಿಸಿದವರ ಹೆಸರನ್ನೂ ಹಾಕದೆ ‘ಅಮರ ಗಾನ’, ‘ಸುವರ್ಣ ಸಂಚಯ’ ಎಂಬಂಥ ಶೀರ್ಷಿಕೆ ಕೊಟ್ಟು ಬಿಟ್ಟಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಅನಂತರ ನೋಡಬೇಕಾದದ್ದು ಅವಧಿ. ನಲವತ್ತು ನಿಮಿಷ ಹಾಡಿದ ರಾಗವನ್ನು ಆರು ನಿಮಿಷಕ್ಕೆ ಇಳಿಸಿ, ಆಲಾಪನೆ ಏರುತ್ತಿರುವಾಗಲೇ ಸದ್ದನ್ನು ಮೆಲ್ಲನೆ ಕುಗ್ಗಿಸಿ ಮುಗಿಸಿದ ಸಂಕಲನಗಳಿವೆ, ಅವುಗಳನ್ನು ಕೊಳ್ಳಬೇಕಾಗಿಲ್ಲ. ಆದರೆ ಚಿಕ್ಕದ್ದೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರೂವರೆ ನಿಮಿಷ. ಹಿಂದುಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರು ಆ ಮೂರೂವರೆ ನಿಮಿಷಕ್ಕೆಂದೇ ರಾಗವನ್ನು ರೂಪಿಸಿ ಹಾಡಿದರು. ಅಳತೆಗೆ ಹೊಲಿದ ಅಂಗಿ ಬೇರೆ, ದೊಡ್ಡ ಅಂಗಿಯ ತೋಳು ಕತ್ತರಿಸಿ ಮಾರುವುದು ಬೇರೆ. ಲಾಂಗ್ ಪ್ಲೇ ತಟ್ಟೆ ಬಂದ ಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅವಕಾಶ ದೊರೆಯಿತು. ಹಿಂದುಸ್ತಾನಿ ಗಾಯಕಿ ಕಿಶೋರಿ ಅಮೋಣಕರರ ಭೂಪ ರಾಗದ ತಟ್ಟೆಯನ್ನು ಇಂದಿಗೂ ರಸಿಕರು ಹುಡುಕಿಕೊಂಡು ಹೋಗುವುದು ಆ ಅವಧಿಯೊಳಗೇ ಅದು ಪರಿಪೂರ್ಣವಾಗಿರುವುದರಿಂದ.

ಸ್ಟುಡಿಯೋ ಮುದ್ರಣ ಮೇಲೋ ಕಛೇರಿಯ ಮುದ್ರಣ ಮೇಲೋ ಎಂಬುದರಲ್ಲಿ ಓದುಗರು ಇಬ್ಭಾಗವಾಗಿದ್ದಾರೆ. ಕಾರ್ಕಳದ ನಿವೃತ್ತ ಅಧ್ಯಾಪಕರೊಬ್ಬರು, ಕೆಮ್ಮು ಸೀನುಗಳಿಲ್ಲದ, ತಂಬೂರಿಯ ನಾದ ಸ್ಪಷ್ಟವಾಗಿ ಕೇಳುವ ಸ್ಟುಡಿಯೋ ಮುದ್ರಣವನ್ನೇ ಕೊಳ್ಳುವುದಾಗಿ ಬರೆದಿದ್ದಾರೆ. ಸಭೆಯ ‘ಭಲೇ’ ಕೇಳದ ಸಂಗೀತ ತಮಗೆ ಬೇಡವೆಂದು ಪುತ್ತೂರಿನ ಓದುಗರು ಹೇಳುತ್ತಾರೆ. ಕೃತಿಯ ಪಾಠ ತಿಳಿಯಬೇಕಾದವರಿಗೆ ಮೊದಲನೆಯದೂ, ನೆರವಲ್ (ಒಂದೇ ಸಾಲನ್ನು ವಿಸ್ತರಿಸಿ ಹಾಡುವುದು), ಸ್ವರಪ್ರಸ್ತಾರ (ಸ್ವರಗಳನ್ನು ಹೆಣೆದು ಹಾಡುವುದು), ತನಿ ಆವರ್ತನ (ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಇವುಗಳನ್ನು ಸವಿಯುವವರಿಗೆ ಎರಡನೆಯದೂ ಸರಿ. ನನ್ನ ಒಲವು ಕಛೇರಿಯ ಕಡೆಗೆ. ಚೆನ್ನೈಯ ಡಿಸೆಂಬರ್ ಋತುವಿನ ಕಛೇರಿಗಳನ್ನು ಚಾರ್ಸುರ್ ಸಂಸ್ಥೆ ಮುದ್ರಿಸಿ ಹೊರತಂದಿರುವ ಆಲ್ಬಮ್ಮುಗಳು ಈ ದೃಷ್ಟಿಯಿಂದ ನಂಬಿ ಕೊಳ್ಳತಕ್ಕವು.

ಪ್ರಶ್ನೆ: ಮಗಳ ಮಗ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾನೆ. ಕದ್ರಿ ಗೋಪಾಲನಾಥರ ಯಾವ ಆಲ್ಬಮ್ಮನ್ನು ಉಡುಗೊರೆ ಕೊಡಲಿ? ಜಾಸ್ ಬೆರೆಸಿದ್ದನ್ನು ಕೊಟ್ಟರೆ ಹುಡುಗ ದಾರಿ ತಪ್ಪಿಯಾನೇ? (ಬಂಟ್ವಾಳ)

ಉತ್ತರ: ತಮ್ಮ ತಾಲೂಕಿನವರೇ ಆದ ಕಲಾವಿದರ ಬಗ್ಗೆ ಕೇಳಿದ್ದೀರಿ. ಗೋಪಾಲನಾಥರು (1949–2019) ಹುಟ್ಟಿದ್ದು ಸಜೀಪಮೂಡದಲ್ಲಿ, ನಾಗಸ್ವರ ವಾದಕರ ಮನೆಯಲ್ಲಿ. ಕೀಲಿಗಳಿರುವ ಪಾಶ್ಚಾತ್ಯ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕಗಳನ್ನು ತುಟಿ ಮತ್ತು ಉಸಿರಿನ ಹದದಿಂದ ಹೊರಡಿಸುವುದೇ ಅವರ ಸಾಧನೆಯ ತಿರುಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರೊಮೆನೇಡ್ ಕಛೇರಿ ನಡೆಸಿಕೊಟ್ಟಾಗ ಅವರು ನುಡಿಸಿದ್ದು ಕರ್ನಾಟಕ ಸಂಗೀತವನ್ನೇ. ಅದೇ ವರ್ಷದ ‘ಡ್ಯುಯೆಟ್’ ಎಂಬ ತಮಿಳು ಚಿತ್ರದ ಮೂಲಕ ಅವರ ಸ್ಯಾಕ್ಸೊಫೋನ್ ಮನೆಮನೆಗೆ ತಲುಪಿತು.

ಕಲಿಯುವ ಹುಡುಗನಿಗೆ ಮೊದಲು ಕೊಡಬೇಕಾದದ್ದು ಎ. ಕನ್ಯಾಕುಮಾರಿಯವರ ಪಿಟೀಲು ಜತೆಗಿರುವ ಯಾವುದಾದರೂ ಒಂದು ಪೂರ್ಣ ಕಛೇರಿಯ ಮುದ್ರಣ. ಗೋಪಾಲನಾಥರು ಆಲಾಪನೆಯಲ್ಲಿ ಒಂದು ಸಂಚಾರವನ್ನು (ರಾಗದ ಒಂದು ಸ್ವರಗುಚ್ಛವನ್ನು) ನುಡಿಸಿ ನಿಲ್ಲಿಸಿದೊಡನೆ ಪಿಟೀಲು ಅದನ್ನೇ ಮರುನುಡಿಸುತ್ತದೆ. ತಂತಿಯಲ್ಲಿ ಸಹಜವಾಗಿ ಬರುವ ಜಾರು ಯಾವುದು, ಊದುವ ವಾದ್ಯದಲ್ಲಿ ಶ್ರಮದಿಂದ ತಂದ ಜಾರು ಯಾವುದು ಎಂಬುದು ಅಕ್ಕಪಕ್ಕದಲ್ಲೇ ಕೇಳಿಸುತ್ತದೆ. ಸ್ಯಾಕ್ಸೊಫೋನ್ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಜಾಸ್ ವಿಷಯಕ್ಕೆ ಬಂದರೆ, 2008ರಲ್ಲಿ ಪ್ರಕಟವಾದ ‘ಕಿನ್ಸ್‌ಮೆನ್’ ಆಲ್ಬಮ್ಮಿನ ಬಗ್ಗೆ ಬಂದ ಪತ್ರಗಳಲ್ಲಿ ಹೊಗಳಿಕೆಯೂ ಇದೆ, ಬೈಗುಳವೂ ಇದೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಮತ್ತು ಗೋಪಾಲನಾಥರು ಅದರಲ್ಲಿ ಜತೆಯಾಗಿ ನುಡಿಸಿದ್ದಾರೆ, ಕನ್ಯಾಕುಮಾರಿಯವರೂ ಇದ್ದಾರೆ. ಮಹಂತಪ್ಪನವರು ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಮ್ ಒಂದನ್ನು ಉಡುಗೊರೆ ಕೊಟ್ಟಿದ್ದರಂತೆ. ಆ ತಮಾಷೆಯೇ ಮುಂದೆ ಈ ಜುಗಲ್‌ಬಂದಿಗೆ ಬೀಜವಾಯಿತು. ವರ್ಣ, ಕೃತಿ, ಮಂಗಳ ಎಂಬ ಕಛೇರಿಯ ಕ್ರಮವನ್ನು ಬಯಸಿ ಇದನ್ನು ಕೊಂಡವರಿಗೆ ನಿರಾಸೆಯಾಗುವುದು ಖಂಡಿತ. ಎರಡು ಸ್ಯಾಕ್ಸೊಫೋನುಗಳು ಒಂದೇ ವಾದ್ಯದ ಹೆಸರಿನಲ್ಲಿ ಎಷ್ಟು ಬೇರೆ ಬೇರೆ ಮಾತಾಡುತ್ತವೆ ಎಂದು ಕುತೂಹಲದಿಂದ ಕೇಳುವವರಿಗೆ ಅದು ಬೆಲೆಬಾಳುವ ಆಲ್ಬಮ್. ಒಂದೆರಡು ವರ್ಷ ಬಿಟ್ಟು ಕೊಡಿ. ಹುಡುಗ ದಾರಿ ತಪ್ಪಲಾರ.

ಪ್ರಶ್ನೆ: ಯಕ್ಷಗಾನದ ಹಾಡುಗಾರ (ಭಾಗವತ) ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟುಗಳು ನಮ್ಮಲ್ಲಿವೆ. ಈಗ ಅದೇ ಪದ್ಯಗಳನ್ನು ಆಯ್ದು ಮಾಡಿದ ಡಿಸ್ಕುಗಳು ಮಾರಾಟಕ್ಕಿವೆ. ಕೊಳ್ಳಬೇಕೇ? ಯಕ್ಷಗಾನದ ವಿಡಿಯೋಗಳಲ್ಲಿ ಯಾವ ಬಗೆಯದನ್ನು ಆರಿಸಬೇಕು? (ಬ್ರಹ್ಮಾವರ)

ಉತ್ತರ: ಮೊದಲು ಕ್ಯಾಸೆಟ್ಟುಗಳನ್ನು ಉಳಿಸಿಕೊಳ್ಳಿ. ಮೂವತ್ತೆರಡು ತುಂಬುವ ಮೊದಲೇ, 1990ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ನಾವಡರ ಕಂಠ ಇಂದಿನ ತಲೆಮಾರಿಗೆ ತಲುಪಿರುವುದೇ ಆ ಕ್ಯಾಸೆಟ್ಟುಗಳಿಂದ. ನಮ್ಮ ಕರಾವಳಿಯ ಆಟಿ ತಿಂಗಳ ತೇವಕ್ಕೆ ಕ್ಯಾಸೆಟ್ಟಿನ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಸ್ಟು ಹಿಡಿಯುತ್ತದೆ. ಪಾರದರ್ಶಕ ಕಿಟಕಿಯಲ್ಲಿ ನೋಡಿದರೆ ಕಾಣುತ್ತದೆ. ಅಂಥದನ್ನು ನೇರವಾಗಿ ಹಾಕಿದರೆ ಬೂಸ್ಟು ಪ್ಲೇಯರಿನ ಹೆಡ್ಡಿಗೆ (ಸುರುಳಿಯನ್ನು ಓದುವ ಭಾಗಕ್ಕೆ) ಅಂಟಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಬಲ್ಲವರಿಂದ ಶುಚಿ ಮಾಡಿಸಿ, ಕಂಪ್ಯೂಟರಿಗೆ ಸಂಕುಚಿಸದ ರೂಪದಲ್ಲಿ ಇಳಿಸಿಟ್ಟುಕೊಳ್ಳಿ.

ಸಂಕುಚಿಸದ ರೂಪ ಎಂದು ಒತ್ತಿ ಹೇಳಲು ಕಾರಣವಿದೆ. ಸಿಡಿಯಲ್ಲಿ ಧ್ವನಿಯ ಮಾಹಿತಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಇರುತ್ತದೆ. ಅಗ್ಗದ ಎಂಪಿ3 ಕಡತದಲ್ಲಿ ಅದನ್ನು 128ಕ್ಕೆ ಇಳಿಸಿರುತ್ತಾರೆ. ಮಾತಿಗೆ ಅದು ಹೇಗೋ ಸಾಕು. ಆದರೆ ಹೀಗೆ ಹಿಂಡುವಾಗ ಮೊದಲು ಪೆಟ್ಟು ಬೀಳುವುದು ಲೋಹದ ಚುರುಕು ನಾದಗಳಿಗೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಚಕ್ರತಾಳ (ಲೋಹದ ತಾಳ) ಠಣ್ಣೆನ್ನುವ ಬದಲು ನೀರು ಚಿಮ್ಮಿದಂತೆ ‘ಶ್ಶ್’ ಎಂದು ಕೇಳಿಸಿದರೆ ಆ ಡಿಸ್ಕು ಯಾವುದೋ ಎಂಪಿ3ಯಿಂದ ಮಾಡಿದ್ದೆಂದು ತಿಳಿಯಿರಿ. ಅಂಗಡಿಯಲ್ಲಿ ಒಮ್ಮೆ ಹಾಕಿ ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಆಯ್ದ ಪದ್ಯಗಳ ಡಿಸ್ಕಿನ ಬಗ್ಗೆ ನನ್ನ ತಕರಾರು ಬೇರೆಯೇ. ಭಾಗವತರ ಪದ್ಯ ಒಂಟಿಯಾಗಿ ನಿಲ್ಲುವ ಹಾಡಲ್ಲ. ಯಾವ ಪಾತ್ರದ ಯಾವ ಮಾತಿನ ಬಾಲಕ್ಕೆ ಅದನ್ನು ಎತ್ತಿಕೊಂಡರು, ವೀರಾವೇಶದ ಏರುಪದಕ್ಕೆ ಕಾಲವನ್ನು (ಲಯದ ವೇಗವನ್ನು) ಎಲ್ಲಿ ಬಿಗಿ ಮಾಡಿದರು ಎಂಬುದು ತಿಳಿಯಬೇಕಾದರೆ ಪ್ರಸಂಗ ಬೇಕು. ಬಲಿಪ ನಾರಾಯಣ ಭಾಗವತರ (1938–2023) ಎತ್ತರದ ಶ್ರುತಿಯ ಹಾಡುಗಾರಿಕೆಯನ್ನು ತುಣುಕುಗಳಲ್ಲಿ ಕೇಳಿದವರಿಗೆ ಅದು ಬರೀ ಕಂಠಶಕ್ತಿಯಂತೆ ತೋರೀತು. ಇಡೀ ಪ್ರಸಂಗದಲ್ಲಿ ಕೇಳಿದವರಿಗೆ ಆಟವನ್ನು ನಡೆಸುವ ಬಲ್ಮೆ ಕಾಣುತ್ತದೆ. ಆದ್ದರಿಂದ ನೂರು ಪದ್ಯಗಳ ಸಂಕಲನಕ್ಕಿಂತ ಒಂದು ಪೂರ್ಣ ಪ್ರಸಂಗಕ್ಕೆ ಹಣ ಹಾಕಿ. ತಾಳಮದ್ದಲೆಯಲ್ಲಂತೂ ಇದು ಇನ್ನೂ ನಿಜ. ವೇಷ, ಕುಣಿತಗಳಿಲ್ಲದ ಆ ಕಲೆ ಧ್ವನಿಮುದ್ರಣಕ್ಕೆಂದೇ ಹುಟ್ಟಿದಂತಿದೆ. ತಾಳಮದ್ದಲೆಯ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾದ ತುತ್ತತುದಿಗೇರಿದಾಗಲೇ ಕ್ಯಾಸೆಟ್ಟಿನ ಬದಿ ಮುಗಿದು ಮಗುಚಿ ಹಾಕಬೇಕಾಗುತ್ತಿದ್ದ ಕಾಟವನ್ನು ಮೂಲ್ಕಿಯ ಓದುಗರೊಬ್ಬರು ನೆನೆದಿದ್ದಾರೆ. ಕಡಿತವಿಲ್ಲದೆ ಜೋಡಿಸಿದ ಆವೃತ್ತಿ ಸಿಕ್ಕರೆ ತಪ್ಪದೆ ಕೊಳ್ಳಿ.

ವಿಡಿಯೋಗಳಲ್ಲಿ ನೋಡಬೇಕಾದದ್ದು ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು. ಸಿನಿಮಾದ ಅಭ್ಯಾಸವಿರುವ ಛಾಯಾಗ್ರಾಹಕರು ವೇಷಧಾರಿಯ ಮುಖಕ್ಕೇ ಹತ್ತಿರ ಹೋಗುತ್ತಾರೆ. ಆಗ ಕಾಲುಗಳು ಚೌಕಟ್ಟಿನಿಂದ ಹೊರಗುಳಿಯುತ್ತವೆ, ಧೀಂಗಿಣ (ಗಿರಗಿರನೆ ತಿರುಗುವ ಕುಣಿತ) ಹೊಡೆಯುವಾಗ ಪರದೆಯ ಮೇಲೆ ಬಣ್ಣದ ಬಟ್ಟೆಯಷ್ಟೇ ಸುತ್ತುತ್ತದೆ, ಒಡ್ಡೋಲಗದಲ್ಲಿ (ಪಾತ್ರಗಳ ಪ್ರವೇಶದ ಕುಣಿತದಲ್ಲಿ) ಯಾರು ಯಾರ ಎಡಬಲಕ್ಕಿದ್ದಾರೆ ಎಂಬುದೇ ತಿಳಿಯುವುದಿಲ್ಲ. ರಂಗಸ್ಥಳವೂ ಹಾಡು, ವಾದ್ಯದವರ ಹಿಮ್ಮೇಳವೂ ಒಟ್ಟಿಗೆ ಕಾಣುವಂತೆ ದೂರದಿಂದ ಹಿಡಿದ, ಹೆಚ್ಚು ಕತ್ತರಿಸದ ವಿಡಿಯೋ ನೋಡಲು ಸಪ್ಪೆ ಎನಿಸಿದರೂ ಅದೇ ಉತ್ತಮ. ಇನ್ನೊಂದು ದೋಷವನ್ನು ಕಿವಿಯಿಂದ ಹಿಡಿಯಬೇಕು: ಧ್ವನಿಮಟ್ಟವನ್ನು ಯಂತ್ರವೇ ಸರಿಪಡಿಸಿಕೊಳ್ಳಲು ಬಿಟ್ಟಿದ್ದರೆ, ಚೆಂಡೆಯ ಒಂದೊಂದು ಪೆಟ್ಟಿಗೂ ಭಾಗವತರ ದನಿ ಮುಳುಗಿ ಮತ್ತೆ ಮೇಲೇಳುತ್ತದೆ. ಒಳ್ಳೆಯ ಮುದ್ರಣದಲ್ಲಿ ಭಾಗವತರಿಗೂ ಚೆಂಡೆಗೂ ಮೈಕು ಬೇರೆಬೇರೆ ಇರುತ್ತದೆ.

ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿದ್ದು ಸರಿಯೇ ಎಂದೂ ತಾವು ಕೇಳಿದ್ದೀರಿ. ಅದಕ್ಕೆ ಉತ್ತರಿಸಹೊರಟರೆ ಈ ಅಂಕಣ ಸಾಲದು.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಪಾಶ್ಚಾತ್ಯ ಸಂಗೀತದವರು. ಅವರೂ ನಾವೂ ಕೂಡಿ ನೋಡಬಹುದಾದ ಕಛೇರಿಯ ವಿಡಿಯೋ ಯಾವುದು? (ಮಣಿಪಾಲ)

ಉತ್ತರ: ಎರಡನ್ನು ಹೇಳಬಹುದು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ಬಾಂಗ್ಲಾದೇಶ ಸಹಾಯಾರ್ಥ ಕಛೇರಿ ಮೊದಲನೆಯದು. ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಅವರ ಹಾಡುಗಳಿಗಾಗಿ ಇದನ್ನು ಕೊಳ್ಳುವವರು ಆರಂಭದ ಭಾಗವನ್ನು ದಾಟಿಸಿಬಿಡುತ್ತಾರೆಂದು ಮಂಗಳೂರಿನ ಓದುಗರೊಬ್ಬರು ದೂರಿದ್ದಾರೆ. ದಾಟಿಸಬೇಡಿ. ಅಲ್ಲಿ ಸಿತಾರಿನಲ್ಲಿ ರವಿಶಂಕರ್, ಸರೋದಿನಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾ ರಖಾ ಇದ್ದಾರೆ. ತಂಬೂರಿಯಲ್ಲಿ ಕಮಲಾ ಚಕ್ರವರ್ತಿ. ವಾದ್ಯಗಳನ್ನು ಶ್ರುತಿ ಮಾಡಿ ಮುಗಿಸಿದಾಗ ಸಭಿಕರು ಅದನ್ನೇ ಸಂಗೀತವೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ. ಶ್ರುತಿ ಮಾಡಿದ್ದೇ ಇಷ್ಟು ಮೆಚ್ಚಿಕೆಯಾಯಿತೆಂದರೆ ಇನ್ನು ನುಡಿಸುವುದು ಹೆಚ್ಚು ಮೆಚ್ಚಿಕೆಯಾದೀತು ಎಂದು ರವಿಶಂಕರರು ನಗುಮೊಗದಿಂದಲೇ ಹೇಳುವುದನ್ನು ಕಣ್ಣಾರೆ ನೋಡಬಹುದು. ಧ್ವನಿ ಆಲ್ಬಮ್ಮಿನಲ್ಲೂ ಆ ಮಾತಿದೆ, ಮುಖಭಾವ ಮಾತ್ರ ವಿಡಿಯೋದಲ್ಲಿದೆ.

ಎರಡನೆಯದು ಅಮೆರಿಕದ ಮಾಂಟೆರೇಯಲ್ಲಿ 1967ರಲ್ಲಿ ನಡೆದ ಸಂಗೀತ ಉತ್ಸವದ ಮೇಲೆ ನಿರ್ದೇಶಕ ಪೆನ್ನೆಬೇಕರ್ ತೆಗೆದ ಚಿತ್ರ. ಅದರ ಕೊನೆಯ ಭಾಗ ರವಿಶಂಕರರ ಸಿತಾರ್. ಮೊದಲು ಬಹಳ ಹೊತ್ತು ಕ್ಯಾಮೆರಾ ಕೇಳುಗರ ಮುಖಗಳ ಮೇಲೇ ಅಲೆದಾಡುತ್ತದೆ, ವಾದಕರು ಆಮೇಲೆ ಕಾಣಿಸುತ್ತಾರೆ. ಯಕ್ಷಗಾನದಲ್ಲಿ ನಾನು ಬೇಡವೆಂದ ಹತ್ತಿರದ ನೋಟ ಇಲ್ಲಿ ಸೊಗಸಾಗಿ ಹೊಂದುತ್ತದೆ, ಏಕೆಂದರೆ ಕುಳಿತು ನುಡಿಸುವ ಕಲೆಯಲ್ಲಿ ನೋಡಬೇಕಾದದ್ದು ಬೆರಳುಗಳನ್ನೂ ಮುಖವನ್ನೂ.

ಹೊರದೇಶದಿಂದ ಡಿವಿಡಿ ತರಿಸುವುದಾದರೆ ವಲಯದ ಸಂಖ್ಯೆಯನ್ನು ನೋಡಿ. ಭಾರತ 5ನೆಯ ವಲಯದಲ್ಲಿದೆ, ಅಮೆರಿಕ 1ನೆಯದರಲ್ಲಿ. 1 ಎಂದು ಗುರುತಿರುವ ಡಿಸ್ಕು ನಮ್ಮ ಪ್ಲೇಯರಿನಲ್ಲಿ ಓಡದೆ ಇರಬಹುದು. ‘ಎಲ್ಲ ವಲಯ’ ಎಂದಿದ್ದರೆ ಚಿಂತೆಯಿಲ್ಲ.

ಪ್ರಶ್ನೆ: ಹೊಸದಾಗಿ ಬರುತ್ತಿರುವ ದುಬಾರಿ ವಿನೈಲ್ ತಟ್ಟೆಗಳು ಕೊಳ್ಳಲು ಯೋಗ್ಯವೇ? (ಬಿಜೈ, ಮಂಗಳೂರು)

ಉತ್ತರ: ಮೂಲ ಟೇಪಿನಿಂದ ಮಾಡಿದ್ದೆಂದು ಸ್ಪಷ್ಟವಾಗಿ ಬರೆದಿದ್ದರೆ ಯೋಚಿಸಬಹುದು. ಸಿಡಿಗೆ ಬಳಸಿದ ಡಿಜಿಟಲ್ ಪ್ರತಿಯನ್ನೇ ತಟ್ಟೆಗೆ ಒತ್ತಿದ್ದರೆ ತಾವು ಹಣ ಕೊಡುತ್ತಿರುವುದು ಹೊದಿಕೆಯ ಚಿತ್ರಕ್ಕೆ. ಹಳೆಯ ಎಚ್‌ಎಂವಿ ತಟ್ಟೆಗಳನ್ನು ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಹೊದಿಕೆಯ ಸಂಖ್ಯೆಯೂ ತಟ್ಟೆಯ ನಡುವಿನ ಚೀಟಿಯ ಸಂಖ್ಯೆಯೂ ಒಂದೇ ಇರಬೇಕು. ಒಳಗೆ ಬೇರೊಂದು ತಟ್ಟೆ ಇಟ್ಟು ಮಾರುವುದೂ ಉಂಟು.

ಪ್ರಶ್ನೆ: ಜಾತ್ರೆಯ ಅಂಗಡಿಗಳಲ್ಲಿ ಸಾವಿರ ಹಾಡು ತುಂಬಿದ ಪೆನ್‌ಡ್ರೈವ್ ಮಾರುತ್ತಾರೆ. ಹಳೆಯ ಹಾಡುಗಳಿಗೆ ಹಕ್ಕು ಇರುವುದಿಲ್ಲವಂತೆ. ನಿಜವೇ? (ಕಾಪು)

ಉತ್ತರ: ಅರ್ಧ ನಿಜ. ನಮ್ಮ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ ಎಣಿಸಿ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 1963ರಲ್ಲಿ ಪ್ರಕಟವಾದ ತಟ್ಟೆಯ ಹಕ್ಕು 2023ರ ಕೊನೆಗೆ ತೀರಿದೆ. ಆದರೆ ಹಾಡನ್ನು ಬರೆದವರ, ರಾಗ ಹಾಕಿದವರ ಹಕ್ಕು ಬೇರೆಯೇ ಆಗಿದ್ದು, ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಪುರಂದರದಾಸರ ಪದಕ್ಕೆ ಆ ತೊಡಕಿಲ್ಲ, ಭಾವಗೀತೆಗೆ ಇದೆ. ಬ್ರಹ್ಮಾವರದ ಓದುಗರ ಬಳಿಯಿರುವ ನಾವಡರ ಕ್ಯಾಸೆಟ್ಟುಗಳಂಥ 1980ರ ದಶಕದ ಮುದ್ರಣಗಳೆಲ್ಲ ಇನ್ನೂ ಹಕ್ಕಿನೊಳಗಿವೆ. ಅವುಗಳನ್ನು ಪೆನ್‌ಡ್ರೈವಿಗೆ ತುಂಬಿ ಮಾರುವುದು ಕಳ್ಳಮಾಲಿನ ವ್ಯಾಪಾರವೇ. ಹಾಡಿದವರ ಹೆಸರೂ ಇಲ್ಲದೆ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದಷ್ಟೇ ಇರುವ ಆ ಸಾವಿರ ಕಡತಗಳಲ್ಲಿ ತಮಗೆ ಬೇಕಾದ ಪದ್ಯವನ್ನು ಹುಡುಕುವ ಕಷ್ಟ ಬೇರೆ.