ಕೊಪ್ಪಳದ ಕಡೆ ಕ್ರಿಮ್ಸನ್ ಟಿಪ್ ಚಿಟ್ಟೆಯ ಫೋಟೊ ತೆಗೆಯಲು ಮ್ಯಾಕ್ರೊ ಲೆನ್ಸ್ (ಸಣ್ಣದನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಬೇಕೇ ಬೇಕಾ?

ಬೇಡ. ನಾನೂ ಇದೇ ಪ್ರಶ್ನೆ ಹೊತ್ತು ಅಂಗಡಿಗೆ ಹೋಗಿ, ಸಾಲ ಮಾಡಿ 100 ಎಂಎಂ ಮ್ಯಾಕ್ರೊ ತಂದವನು. ಆ ಚಿಟ್ಟೆಯ ಒಂದು ಒಳ್ಳೆಯ ಫೋಟೊವೂ ಅದರಲ್ಲಿ ಸಿಗಲಿಲ್ಲ.

ನಮ್ಮದು ಗಂಗಾವತಿ. ಆನೆಗುಂದಿ ದಾಟಿ ಸಣಾಪುರದ ಕಡೆ ಬಂಡೆಗುಡ್ಡಗಳ ಬುಡಕ್ಕೆ ಕುರುಚಲು ಇದೆಯಲ್ಲ, ಅಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ಗಂಡು ಕಂಡಿತು. ಬಿಳಿ ಚಿಟ್ಟೆ, ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು ಅಂಚಿನ ಕಡುಗೆಂಪು. ನೆಲಕ್ಕೆ ಹತ್ತಿರವೇ ಸರ್ರನೆ ಹಾರಿಹೋಗಿ ಒಣಕಡ್ಡಿಯ ಮೇಲೆ ಕೂತು, ಬಿಸಿಲಿಗೆ ರೆಕ್ಕೆ ಅರೆಬಿಚ್ಚಿತು. ಆ ಕೆಂಪು ಇರುವುದು ರೆಕ್ಕೆಯ ಮೇಲ್ಮೈಯಲ್ಲಿ; ಮಡಚಿಕೊಂಡರೆ ಸರಿಯಾಗಿ ಕಾಣುವುದಿಲ್ಲ.

ಸೂರ್ಯ ಬೆನ್ನಿಗಿರಬೇಕು ಅಂತ ಯಾರೋ ಹೇಳಿಕೊಟ್ಟಿದ್ದರು. ಹಾಗೇ ಸುತ್ತು ಹಾಕಿ ಬಂದು ನಿಂತೆ. ಚಳಿಗಾಲದ ಬೆಳಿಗ್ಗೆ ಬಿಸಿಲು ಓರೆ, ನನ್ನ ನೆರಳು ನನಗಿಂತ ಉದ್ದ. ಮ್ಯಾಕ್ರೊಗೆ ಒಂದೂವರೆ ಅಡಿ ಹತ್ತಿರ ಹೋಗಬೇಕಿತ್ತು. ನಾನಿನ್ನೂ ಎರಡು ಮಾರು ದೂರದಲ್ಲಿರುವಾಗಲೇ ತಲೆಯ ನೆರಳು ಅದರ ಮೇಲೆ ಬಿತ್ತು. ಮೈ ಕಾಯಿಸಿಕೊಳ್ಳಲು ಕೂತ ಜೀವದ ಬಿಸಿಲನ್ನೇ ಕಿತ್ತುಕೊಂಡರೆ ಅದು ಇರುತ್ತದೆಯೇ? ಹಾರಿತು. ನಾನು ಓಡಿದೆ. ಓಡಿದ್ದು ಎರಡನೆಯ ತಪ್ಪು, ಆದರೆ ಕಳೆದುಕೊಂಡದ್ದು ನೆರಳಿನಿಂದಲೇ. ಆ ಇಡೀ ಚಳಿಗಾಲ ಮತ್ತೆ ಸಿಗಲಿಲ್ಲ.

ಮರುವರ್ಷ ಚಿಟ್ಟೆ ಬಿಟ್ಟು ಗಿಡ ಹುಡುಕಿದೆ. ಈ ಚಿಟ್ಟೆಯ ಮರಿಹುಳು ತಿನ್ನುವ ಗಿಡಗಳಲ್ಲಿ ಕಡಾಬಾ ಫ್ರುಟಿಕೋಸಾ ಒಂದು. ಸಣ್ಣ ಎಲೆಯ ಹರಡು ಪೊದೆ, ಎಳೆಎಳೆ ಕೇಸರ ಚಾಚಿದ ತಿಳಿಹಸಿರು ಹೂವು, ಕೋಲುಕಾಯಿ ಒಡೆದರೆ ಒಳಗೆ ಕಿತ್ತಳೆಗೆಂಪು. ಹೆಣ್ಣು ಮೊಟ್ಟೆಯಿಡಲು ಅಲ್ಲಿಗೆ ಬರುತ್ತದೆ, ಹೆಣ್ಣಿಗಾಗಿ ಗಂಡೂ ಸುತ್ತುತ್ತದೆ. ಪೊದೆಯ ಪಕ್ಕ, ಬಿಸಿಲು ಬಲಗಡೆಗೆ ಬರುವಂತೆ ನೆಲಕ್ಕೆ ಕೂತೆ. ಮೂರನೆಯ ದಿನ ಬಂತು. ದೂರದ್ದನ್ನು ಹತ್ತಿರ ತರುವ ಹಳೆಯ 55-250 ಜೂಮ್ ಲೆನ್ಸಿನಲ್ಲಿ, ಕೂತಲ್ಲಿಂದಲೇ ನಾಲ್ಕು ಫೋಟೊ ಸಿಕ್ಕವು.

ಇನ್ನು, ಅಪರೂಪದ ಚಿಟ್ಟೆಗೆ ಪಶ್ಚಿಮ ಘಟ್ಟಕ್ಕೇ ಹೋಗಬೇಕು ಅನ್ನುವವರಿದ್ದಾರೆ. ಈ ಮಾತು ನಾನು ಒಪ್ಪುವುದಿಲ್ಲ. ಇದು ಒಣನಾಡಿನ ಚಿಟ್ಟೆ. ಘಟ್ಟದ ಮಳೆಕಾಡಲ್ಲಿ ಇದನ್ನು ಹುಡುಕುವುದೇ ದಂಡ. ನಮ್ಮ ಕುರುಚಲನ್ನು ಬೀಳುಭೂಮಿ ಅಂತ ಕರೆದು ಜೆಸಿಬಿ ಹಚ್ಚುತ್ತಾರೆ, ಅದಕ್ಕೇ ನನಗೆ ಸಂಕಟ. ನಾನು ಕೂತಿದ್ದ ಪೊದೆ ಈಗ ಇಲ್ಲ, ಅಲ್ಲಿ ತಂತಿಬೇಲಿ ಬಂದಿದೆ. ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೂ ಎರಡು ಪೊದೆ ಉಳಿದಿವೆ. ಹೋದರೆ ಕೊಂಬೆ ಮುರಿಯಬೇಡಿ, ಎಲೆಯ ಮೇಲೆ ಮೊಟ್ಟೆ ಇರಬಹುದು.