ಪ್ರಶ್ನೆಯನ್ನು ಇನ್‌ಡೈರೆಕ್ಟ್ ಸ್ಪೀಚ್ ಮಾಡುವಾಗ ‘ಡು’ ಎಲ್ಲಿ ಹೋಗುತ್ತದೆ?

ಮಗಳು ‘ಹಿ ಆಸ್ಕ್ಡ್ ಮಿ ದ್ಯಾಟ್ ವೇರ್ ಡು ಯು ಲಿವ್’ ಅಂತಲೇ ಬರೆಯುತ್ತಾಳೆ, ಎಷ್ಟು ಹೇಳಿದರೂ ತಿದ್ದಿಕೊಳ್ಳುತ್ತಿಲ್ಲ ಅಂದಿದ್ದೀರಿ. ಸಂಜೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಈ ವಾಕ್ಯ ನೋಡದ ವರ್ಷವೇ ಇಲ್ಲ. ದಯವಿಟ್ಟು ಬೈಯಬೇಡಿ. ಅವಳು ಕನ್ನಡದ ಪ್ರಕಾರ ಸರಿಯಾಗಿಯೇ ಯೋಚಿಸಿದ್ದಾಳೆ.

ನಮ್ಮಲ್ಲಿ ‘ಎಲ್ಲಿರ್ತೀಯಾ ಅಂತ ಕೇಳಿದ’ ಅಂದರೆ ಮುಗಿಯಿತು. ಪ್ರಶ್ನೆ ಇದ್ದ ಹಾಗೇ ಇರುತ್ತದೆ, ಹಿಂದೆ ‘ಅಂತ’ ಸೇರಿಸಿದರೆ ಸಾಕು. ಆ ‘ಅಂತ’ವೇ ಅವಳ ಕೈಯಲ್ಲಿ ‘ದ್ಯಾಟ್’ ಆಗಿದೆ. ಇಂಗ್ಲಿಷಿನಲ್ಲಿ ಪ್ರಶ್ನೆ ಸಾದಾ ವಾಕ್ಯ ಆಗಬೇಕು.

ನಾನು ಬೋರ್ಡ್ ಮೇಲೆ ‘ವೇರ್ ಡು ಯು ಲಿವ್?’ ಅಂತ ಬರೆಸಿ, ಮೊದಲು ಪ್ರಶ್ನೆ ಗುರುತನ್ನು ಬೆರಳಲ್ಲಿ ಒರೆಸು ಅನ್ನುತ್ತೇನೆ. ಆಮೇಲೆ ‘ಡು’ ಒರೆಸು. ಅದು ಪ್ರಶ್ನೆ ಕೇಳುವುದಕ್ಕೆ ಅಂತಲೇ ಬಂದಿದ್ದ ಪದ. ಪ್ರಶ್ನೆಯೇ ಹೋದ ಮೇಲೆ ಅದಕ್ಕೇನು ಕೆಲಸ? ಉಳಿದದ್ದು ‘ವೇರ್ ಯು ಲಿವ್’. ಅವನು ಕೇಳಿದ್ದು ನನ್ನನ್ನು, ಹಾಗಾಗಿ ‘ಯು’ ಹೋಗಿ ‘ಐ’. ಕೇಳಿ ಆಗಿದೆ, ಹಾಗಾಗಿ ‘ಲಿವ್ಡ್’. ‘ಹಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್.’ ಇಲ್ಲಿ ‘ವೇರ್’ ತಾನೇ ಕೊಂಡಿ, ‘ದ್ಯಾಟ್’ ಬೇಕಿಲ್ಲ. ‘ವೇರ್ ಈಸ್ ಯುವರ್ ಬ್ಯಾಗ್?’ ಅಂದಾಗ ಒರೆಸುವುದಕ್ಕೆ ‘ಡು’ ಇಲ್ಲ. ‘ಈಸ್’ ಹಿಂದಕ್ಕೆ ಸರಿಯುತ್ತದೆ: ‘ವೇರ್ ಮೈ ಬ್ಯಾಗ್ ವಾಸ್’.

ಮಕ್ಕಳು ಜಾಸ್ತಿ ತಡವರಿಸುವುದು ‘ಡಿಡ್ ಯು ಈಟ್?’ ಥರದ, ಹೌದು-ಇಲ್ಲ ಅನ್ನುವ ಪ್ರಶ್ನೆಯಲ್ಲಿ. ಕೊಂಡಿಯಾಗಲು ಅಲ್ಲಿ ‘ವೇರ್’, ‘ವೈ’ ಯಾವುದೂ ಇಲ್ಲ, ಅದಕ್ಕೇ ‘ಇಫ್’ ಬರುತ್ತದೆ. ಇದನ್ನು ‘ಬಂದರೆ, ಹೋದರೆ’ಯ ‘ಇಫ್’ ಅಂದುಕೊಂಡರೆ ಗೊಂದಲ. ‘ಊಟ ಮಾಡಿದನೋ ಇಲ್ವೋ ಗೊತ್ತಿಲ್ಲ’ ಅಂತೀವಲ್ವಾ, ಆ ‘ಓ’ ಇದು. ‘ಮದರ್ ಆಸ್ಕ್ಡ್ ಮಿ ಇಫ್ ಐ ಹ್ಯಾಡ್ ಈಟನ್.’ ಇದನ್ನು ಹೇಳಿದ ದಿನ ಮಕ್ಕಳ ಮುಖ ಅರಳುವುದು ನೋಡಬೇಕು.

‘ಸೆಡ್ ಟು’ ಇದ್ದದ್ದು ‘ಆಸ್ಕ್ಡ್’ ಆಗುವುದು, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಬರುವುದು, ಇವೆಲ್ಲ ಪಟ್ಟಿ ನೋಡಿ ಕಲಿಯುವಂಥವು. ‘ಹೂ ಬ್ರೋಕ್ ದ ಗ್ಲಾಸ್?’ ಥರದ್ದು ಬಂದರೆ ಮಾತ್ರ ಪದಗಳ ಜಾಗ ಮುಟ್ಟಬೇಡಿ ಅನ್ನಿ: ‘ಶಿ ಆಸ್ಕ್ಡ್ ಹೂ ಹ್ಯಾಡ್ ಬ್ರೋಕನ್ ದ ಗ್ಲಾಸ್.’

ಇವತ್ತು ರಾತ್ರಿ ಊಟಕ್ಕೆ ಕೂತಾಗ ‘ಡು ಯು ವಾಂಟ್ ಮೋರ್ ರೈಸ್?’ ಅಂತ ನೀವೇ ಕೇಳಿ. ಅಮ್ಮ ಏನು ಕೇಳಿದಳು ಅಂತ ಅಪ್ಪನಿಗೆ ಅವಳೇ ಇಂಗ್ಲಿಷಿನಲ್ಲಿ ಹೇಳಲಿ.